ಗುಂಡಿ ಮುಚ್ಚು

ಯಂತ್ರದೊಳಗೆ ನೀರು ಹರಿಯಬೇಕಾದರೆ
ಮೊದಲ ಆಜ್ಞೆ ಇದು: ಗುಂಡಿ ಮುಚ್ಚು.
ಸುತ್ತಲಿಗಿಂತ ತಗ್ಗಾದ ಚೌಕ ಕಂಡರೆ
ಉಪಗ್ರಹದ ಕಣ್ತಪ್ಪು ಎಂದೇ ಲೆಕ್ಕ.
ಒತ್ತಿದೆ.
ವಿದ್ಯಾನಗರದ ಕಚೇರಿಯಲ್ಲಿ ಚಹಾ ಆರುವುದರೊಳಗೆ
ಪಯಸ್ವಿನಿಯ ಇಕ್ಕೆಲದ ಪಳ್ಳ, ಮದಕ, ಹಳೇ ಕಲ್ಲುಕೋರೆ,
ಎಮ್ಮೆ ಹೊರಳುವ ಕೆಸರು,
ಎಲ್ಲ ಮಟ್ಟಸ.
ನೀರು ಎಲ್ಲೂ ನಿಲ್ಲದೆ, ಯಾರನ್ನೂ ಕೇಳದೆ
ಕಡಲಿಗೆ ಹೋಗುವ ಸರಕಾರಿ ದಾರಿ ಹಿಡಿಯಿತು.

ಆಮೇಲೆ ಒರಟುತನ.
ಹೊಳೆಯ ತಳ ಎಷ್ಟು ಒರಟು, ಒಂದು ಅಂಕೆ ಕೊಡು ಅನ್ನುತ್ತದೆ.
ಕೋಷ್ಟಕದ ತುಂಬ ಯಾವುದೋ ದೇಶದ ಹೊಳೆಗಳ ಫೋಟೊ.
ಬಸ್ಸು ಹಿಡಿದು ಹೋಗಿ
ಮರುವಾಯಿ ಹೆಕ್ಕುವ ಕೊರಪೊಳುವನ್ನು ಕೇಳಿದೆ.
ಬುಟ್ಟಿ ಇಳಿಸಿ, ಕಾಲೆತ್ತಿ, ಹಿಮ್ಮಡಿ ತೋರಿಸಿದಳು.
“ಕಡವಿನ ಹತ್ರ ಇಷ್ಟು. ಮೇಲೆ ಹೋದರೆ ಇದರಪ್ಪ.”
ಆ ಸೀಳುಗಳನ್ನು ನೋಡಿಕೊಂಡು
ದಶಾಂಶ ಸೊನ್ನೆ ಮೂರು ಐದು ಎಂದು ಬರೆದೆ.
ಅವಳ ಮಗಳಿಗೆ ನಗು: ಅಮ್ಮನ ಕಾಲಿಗೆ ಮಾರ್ಕು!

ಮಳೆಯಂತೂ ಗಡಿಯಾಚೆಯದು.
ಆಚೆಯ ಮಾಪಕದ ಅಂಕೆ ಮೂರು ಇಲಾಖೆ ದಾಟಿ ಬರುವಾಗ
ಹೊಳೆ ತಾನೇ ಬಂದಿರುತ್ತದೆ, ಅರ್ಜಿ ಹಾಕದೆ.
ಹಾಗಾಗಿ ನನ್ನ ಮಾದರಿಯ ತಲೆಯ ಹತ್ತಿರ
ಒಬ್ಬ ಕಂಡಕ್ಟರ್ ಇದ್ದಾನೆ,
ಸುಳ್ಯದ ಕೊನೇ ಟ್ರಿಪ್ಪಿನ ಮೋನಪ್ಪ.
ಜಾಲ್ಸೂರಿನಿಂದ ಕಳಿಸುತ್ತಾನೆ:
‘ವೈಪರು ಸೋತಿದೆ. ಮುಂದಿನದು ಕಾಣುವುದಿಲ್ಲ.’
ಗಂಟೆಗೆ ಎಷ್ಟು ಮಿಲಿಮೀಟರು ಆಯಿತು ಅದು ಎಂದು
ನಾಲ್ಕು ಮಳೆಗಾಲ ಕೂತು ತಾಳೆ ಹಾಕಿದ್ದೇನೆ.

ಇಷ್ಟಾದರೂ ಒಂದು ಜಾಗ ತಪ್ಪುತ್ತಲೇ ಇತ್ತು.
ಕಳೆದ ಆಟಿಯಲ್ಲಿ ಸೊಂಟಮಟ್ಟ ನೀರು ನಿಂತಲ್ಲಿ
ನನ್ನ ನಕಾಶೆ ಒಣ ಹಳದಿ.
ಸಿಲ್ವರ್ ಗಾರ್ಡನ್. ನಲವತ್ತೆರಡು ಸೈಟು, ಕಮಾನು, ಕಾರಂಜಿ.
ಕಡವಿನ ದೋಣಿ ಬಿಟ್ಟು ಹನ್ನೆರಡು ವರ್ಷವಾದ ಅಂದುಂಞಿಚ್ಚ
ಪರದೆಗೆ ಬೆರಳಿಟ್ಟರು:
“ಇದು ಬೊಳ್ಳಮೂಲೆಯಲ್ಲವಾ ಮೋಳೇ?”

ಬೊಳ್ಳ. ನನ್ನ ಮನೆಮಾತಿನಲ್ಲಿ ನೆರೆ.
ಯಾವ ಕಾಲದಲ್ಲೋ ಯಾವ ಗುಮಾಸ್ತನೋ
ಒಂದು ಗುಡಿಸು ಹೆಚ್ಚು ಕೊಟ್ಟ: ಬೊಳ್ಳಿ.
ಬೆಳ್ಳಿಯಾಯಿತು. ಮಲಯಾಳದಲ್ಲಿ ವೆಳ್ಳಿ.
ದಲ್ಲಾಳಿಯ ಬಾಯಲ್ಲಿ ಸಿಲ್ವರ್.
ಒಂದೇ ಒಂದು ಗುಡಿಸು
ಊರ ನೆರೆಯನ್ನೆಲ್ಲ ಗುಡಿಸಿ ಹಾಕಿತ್ತು.

“ಪಳ್ಳ ಇತ್ತು ಅಲ್ಲಿ. ಮುಚ್ಚಲಿಕ್ಕೆ
ಎರಡು ಬೇಸಗೆ ಲಾರಿ ಓಡಿತು.
ಮುಚ್ಚಿದ ಮಣ್ಣು ಕೂರುತ್ತದೆ ಮೋಳೇ,
ಮನೆಯೂ ಅದರ ಜೊತೆ ಕೂರುತ್ತದೆ.”
ಎರಡು ಬೇಸಗೆ!
ನಾನು ಒಂದು ಚಹಾದಲ್ಲಿ ಮುಗಿಸಿದ್ದೆ.

ಆ ರಾತ್ರಿ ಆಜ್ಞೆಗೆ ಒಂದು ವಿನಾಯಿತಿ ಬರೆದೆ:
ಮಸೀದಿಯ ಮೆಟ್ಟಿಲಿನಿಂದ ಕಾಟುಮಾವಿನ ತನಕ
ಏಳು ಚೌಕ, ಮುಟ್ಟಬೇಡ.
ಮತ್ತೆ ಓಡಿಸಿದೆ. ಮೋನಪ್ಪನ ವೈಪರು,
ಕೊರಪೊಳುವಿನ ಹಿಮ್ಮಡಿ, ಅಂದುಂಞಿಚ್ಚನ ಬೆರಳು.
ಹೊಳೆ ಉಕ್ಕಿ, ತೋಡಿನೊಳಗೆ ಹಿಮ್ಮುಖ ನುಗ್ಗಿ,
ಕಮಾನಿನಡಿ ಕಾವಲುಗಾರನ ವಹಿಗೆ ರುಜು ಹಾಕದೆ ಬಂದು
ಕೂತಿತು.
ನೀಲಿ.
ತನ್ನದೇ ಮನೆಯ ಜಗಲಿಯಲ್ಲಿ ಕೂತವರ ಹಾಗೆ.

ಬೆಳಿಗ್ಗೆ ಫೋನು. ಮೆದು ದನಿ.
ನೀಲಿ ಸ್ವಲ್ಪ ತೆಳು ಮಾಡಬಹುದೇ ಮೇಡಂ,
ಸೈಟು ಕೊಂಡವರು ಹೆದರುತ್ತಾರೆ.
ಮಾಡಬಹುದು, ಅಂದೆ,
ನೀರೂ ಅಷ್ಟು ತೆಳುವಾಗಿ ಬರುವುದಾದರೆ.
ಆ ಕಡೆ ಇಟ್ಟ ಸದ್ದು.

ಅಚ್ಚಿಗೆ ಕಳಿಸುವ ಮುಂಚೆ
ಆ ಜಾಗದ ಮೇಲೆ ಹಳೇ ಹೆಸರು ಟೈಪು ಮಾಡಿದೆ.
ಯಂತ್ರಕ್ಕೆ ನಮ್ಮ ಅಕ್ಷರ ಗೊತ್ತಿಲ್ಲ,
ಸಾಲಾಗಿ ಖಾಲಿ ಚೌಕ ಇಟ್ಟಿತು,
ತೋಡಿ ಬಿಟ್ಟ ಗುಂಡಿಗಳ ಹಾಗೆ.
ಮುಚ್ಚಲಿಲ್ಲ.
ಹಾಗೇ ಅಚ್ಚಾಯಿತು.